ಒಂಬತ್ತಕ್ಕೆ ಎಷ್ಟು?

ಮೂವತ್ತು ವರ್ಷಗಳಿಂದ ಮಕ್ಕಳ ಉತ್ತರಪತ್ರಿಕೆಗಳಿಗೆ ಅಂಕ ಹಾಕಿಕೊಂಡು ಬಂದವಳು ನಾನು. ಸಮಾಜ ವಿಜ್ಞಾನದ ಪತ್ರಿಕೆಗಳ ಕಟ್ಟನ್ನು ಮುಂದಿಟ್ಟರೆ ಒಂದು ಲೋಟ ಕಾಫಿ ಆರುವುದರೊಳಗೆ ಮೂರು ಪತ್ರಿಕೆ ತಿದ್ದಿ ಪಕ್ಕಕ್ಕಿಡುವಷ್ಟು ಕೈ ಪಳಗಿದೆ. ಅಂಥವಳನ್ನು ಕಳೆದ ವರ್ಷ ದಸರಾ ರಜೆಯಲ್ಲಿ ಒಂದೇ ಒಂದು ಹಾಳೆ ಮೂರು ದಿನ ಸತಾಯಿಸಿತು. ಬೇಳೆ ಬೇಯಿಸುವಾಗಲೂ ಅದೇ ಯೋಚನೆ, ರಾತ್ರಿ ಹಾಸಿಗೆ ಬಿಡಿಸುವಾಗಲೂ ಅದೇ ಯೋಚನೆ.

ಅದು ನಮ್ಮ ಕಡೆಯ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದವರು ಕೊಟ್ಟ ಹಾಳೆ. ‘ಡಿಜಿಟಲ್ ಮಾಹಿತಿ ಸೇವೆಗಳ ಗುಣಮಟ್ಟ: ಓದುಗರ ಅಭಿಪ್ರಾಯ’ ಎಂದು ಮೇಲೆ ಅಚ್ಚಾಗಿತ್ತು. ಕೆಳಗೆ 22 ಪ್ರಶ್ನೆಗಳು. ಒಂದೊಂದು ಪ್ರಶ್ನೆಯ ಮುಂದೆಯೂ ಮೂರು ಕಾಲಂ. ನಿಮಗೆ ಕನಿಷ್ಠ ಎಷ್ಟಾದರೂ ಬೇಕು ಎನ್ನುವುದು ಮೊದಲನೆಯದು, ಎಷ್ಟಿದ್ದರೆ ಸಂತೋಷ ಎನ್ನುವುದು ಎರಡನೆಯದು, ನಿಜಕ್ಕೂ ಸಿಕ್ಕಿದ್ದು ಎಷ್ಟು ಎನ್ನುವುದು ಮೂರನೆಯದು. ಒಂದರಿಂದ ಒಂಬತ್ತರವರೆಗೆ ಅಂಕ. ಪಕ್ಕದಲ್ಲಿ ಪೇಪರ್ ಓದುತ್ತ ಕೂತಿದ್ದ ನಮ್ಮವರು ಇಣುಕಿ ನೋಡಿ, “ಇದೇ ಪ್ರಶ್ನೆಗಳನ್ನು ನನ್ನ ಬಗ್ಗೆ ಕೇಳಿದ್ದರೆ ಎಷ್ಟು ಹಾಕ್ತಿದ್ದೆ?” ಎಂದರು. “ಮೂರನೇ ಕಾಲಂ ಖಾಲಿ ಬಿಡ್ತಿದ್ದೆ” ಎಂದೆ. ಅವರು ಮತ್ತೆ ಪೇಪರಿಗೆ ಮುಖ ಮುಚ್ಚಿಕೊಂಡರು.

ನಗೆಯ ಮಾತು ಹಾಗಿರಲಿ. ಹಾಳೆ ನನ್ನ ಕೈಗೆ ಬಂದ ಕತೆ ಹೇಳಿದರೆ ನನ್ನ ಸಂಕಟ ನಿಮಗೂ ಅರ್ಥವಾದೀತು.

ನಮ್ಮ ತಾಲ್ಲೂಕಿನ ಶಿಕ್ಷಕಿಯರ ಕೂಟದಲ್ಲಿ ನಂಜನಗೂಡು ತಿರುಮಲಾಂಬಾ ಅವರ ಬಗ್ಗೆ ಮಾತಾಡುತ್ತೇನೆಂದು ಒಪ್ಪಿಕೊಂಡಿದ್ದೆ. 1887ರಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ವಿಧವೆಯಾಗಿ, ತಂದೆಯ ಮನೆಯಲ್ಲಿ ಕೂತು ಓದಿಕೊಂಡು, 1913ರಲ್ಲಿ ‘ಸತೀಹಿತೈಷಿಣಿ’ ಎಂಬ ಗ್ರಂಥಮಾಲೆ ಆರಂಭಿಸಿದವರು ಅವರು. ಬರೆದರು, ಅಚ್ಚು ಹಾಕಿಸಿದರು, ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆಯನ್ನೂ ನಡೆಸಿದರು. ನಮ್ಮ ಅಜ್ಜಿಯಂದಿರಿಗೆ ಓದು ಬರಹ ದಕ್ಕದಿದ್ದ ಕಾಲ ಅದು. ಅವರ ಬಗ್ಗೆ ಎಲ್ಲರೂ ಹೇಳುವ ನಾಲ್ಕು ಮಾತನ್ನೇ ನಾನೂ ಹೇಳಿ ಬರಲು ಮನಸ್ಸಾಗಲಿಲ್ಲ. ಆ ಪತ್ರಿಕೆಯ ಒಂದೆರಡು ಪುಟವನ್ನಾದರೂ ಕಣ್ಣಾರೆ ನೋಡಬೇಕು, ಅವರು ಹೆಂಗಸರನ್ನು ಹೇಗೆ ಮಾತಾಡಿಸುತ್ತಿದ್ದರು ಎಂದು ತಿಳಿಯಬೇಕು ಎನ್ನಿಸಿತು. ಹೆಡ್‌ಮಾಸ್ಟರರಿಂದ ಒಂದು ಪತ್ರ ಬರೆಸಿಕೊಂಡು, ಬಸ್ಸಿನಲ್ಲಿ ಆಧಾರ್ ಕಾರ್ಡ್ ತೋರಿಸಿ ದುಡ್ಡಿಲ್ಲದ ಟಿಕೆಟ್ ಪಡೆದು, ಒಂದೂವರೆ ಗಂಟೆ ಪ್ರಯಾಣ ಮಾಡಿ ಆ ಗ್ರಂಥಾಲಯಕ್ಕೆ ಹೋದೆ.

ನಾನು ಬಿ.ಎ. ಓದುವಾಗ ಗ್ರಂಥಾಲಯವೆಂದರೆ ಮರದ ಡ್ರಾಯರುಗಳ ಸಾಲು. ಎಳೆದರೆ ಒಳಗೆ ಒತ್ತಾಗಿ ನಿಂತ ಕಾರ್ಡುಗಳು, ಹಳೆಯ ಕಾಗದದ ವಾಸನೆ. ಹೆಸರು ಸ್ವಲ್ಪ ತಪ್ಪಿ ನೆನಪಿದ್ದರೂ ಚಿಂತೆ ಇರಲಿಲ್ಲ. ಬೆರಳಾಡಿಸುತ್ತ ಹೋದರೆ ಹಿಂದೆಯೋ ಮುಂದೆಯೋ ಬೇಕಾದ ಕಾರ್ಡು ತಾನಾಗಿ ಸಿಗುತ್ತಿತ್ತು. ಈಗ ಆ ಜಾಗದಲ್ಲಿ ನಾಲ್ಕು ಕಂಪ್ಯೂಟರುಗಳು. ಕನ್ನಡದಲ್ಲಿ ‘ತಿರುಮಲಾಂಬಾ’ ಎಂದು ಟೈಪು ಮಾಡಿದೆ. ಏನೂ ಇಲ್ಲ ಎಂದಿತು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದೆ. ಆಗಲೂ ಇಲ್ಲ. ಇಷ್ಟು ದೊಡ್ಡ ಗ್ರಂಥಾಲಯದಲ್ಲಿ ಆ ತಾಯಿಯ ಹೆಸರೇ ಇಲ್ಲವೇ ಎಂದು ಎದ್ದು ಹೊರಡುವುದರಲ್ಲಿದ್ದೆ.

ಅಷ್ಟರಲ್ಲಿ ಮೇಜಿನ ಆಚೆಯಿಂದ ಒಬ್ಬ ಹುಡುಗಿ ಎದ್ದು ಬಂದಳು. “ಒಂದು ನಿಮಿಷ ಕೂತ್ಕೊಳ್ಳಿ ಮೇಡಂ, ಇದು ಹಾಗೆಲ್ಲ ಬಾಯಿ ಬಿಡಲ್ಲ” ಎಂದು ನಕ್ಕಳು. ‘ಟಿ’ ಪಕ್ಕ ಒಂದು ‘ಹೆಚ್’ ಸೇರಿಸಿದಳು. ಒಂದು ವಿಮರ್ಶೆಯ ಪುಸ್ತಕ ಬಂತು. ‘ಎಲ್’ ಆದಮೇಲೆ ಎರಡು ‘ಎ’ ಹಾಕಿದಳು; ಒಂದು ಕಾದಂಬರಿ ಬಂತು. ನಂಜನಗೂಡು ಎಂದು ಊರ ಹೆಸರು ಹಾಕಿದಳು; ಒಂದಿಷ್ಟು ದೇವಸ್ಥಾನದ ಪುಸ್ತಕಗಳು ಬಂದವು. ಕೊನೆಗೆ ‘ಎಂ’ ಇರಬೇಕಾದ ಕಡೆ ‘ಎನ್’ ಹಾಕಿ ಒತ್ತಿದಳು. ಆಗ ಬಂತು ನೋಡಿ, ಆರಂಭಕಾಲದ ಮಹಿಳಾ ಪತ್ರಿಕೆಗಳ ಬಗ್ಗೆ ಯಾರೋ ಬರೆದ ಪಿಎಚ್.ಡಿ. ಮಹಾಪ್ರಬಂಧ. ಅದರ ಹಿಂಬದಿಯಲ್ಲಿ ‘ಕರ್ನಾಟಕ ನಂದಿನಿ’ಯ ಪುಟಗಳ ಪ್ರತಿಗಳು.

ಒಳಗೆ ಹೋದಮೇಲೂ ಕಷ್ಟ ಮುಗಿಯಲಿಲ್ಲ. ಆ ಪ್ರಬಂಧವನ್ನು ಹಳೆಯ ಕನ್ನಡ ಫಾಂಟಿನಲ್ಲಿ ಟೈಪು ಮಾಡಿದ್ದರು. ಕಣ್ಣಿಗೆ ಕನ್ನಡವಾಗಿಯೇ ಕಾಣುತ್ತದೆ. ಯಂತ್ರಕ್ಕೆ ಮಾತ್ರ ಅದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಯುನಿಕೋಡ್ ಎಂಬ ಎಲ್ಲ ಭಾಷೆಗಳ ಸಮಾನ ಸಂಕೇತ ಬಳಕೆಗೆ ಬರುವ ಮೊದಲು ಒಂದೊಂದು ತಂತ್ರಾಂಶದ ಫಾಂಟಿಗೂ ಒಂದೊಂದು ಸಂಕೇತ ಇತ್ತಲ್ಲ, ಅದರ ಫಲ. ಒಳಗೆ ಒಂದು ಪದ ಹುಡುಕಲು ಬರುವುದಿಲ್ಲ. ಆ ಹುಡುಗಿ ನನ್ನ ಪಕ್ಕ ಕೂತು ಪರಿವಿಡಿ ನೋಡಿ ಪುಟ ಲೆಕ್ಕ ಹಾಕಿ ತೋರಿಸಿದಳು. ಸಂಜೆ ನಾಲ್ಕರ ಹೊತ್ತಿಗೆ ನನಗೆ ಬೇಕಾದ್ದು ನನ್ನ ನೋಟ್‌ಬುಕ್ಕಿನಲ್ಲಿತ್ತು. ಅವಳ ಐದು ಕಾಗುಣಿತಗಳನ್ನೂ ಡೈರಿಯ ಹಿಂದಿನ ಪುಟದಲ್ಲಿ ಗುರುತು ಹಾಕಿಕೊಂಡೆ.

ಹೊರಡುವಾಗ ಅವಳು ಆ ಹಾಳೆ ಕೊಟ್ಟಳು. “ಮೌಲ್ಯಮಾಪನದ ತಂಡ ಬರುತ್ತೆ ಮೇಡಂ. ಓದುಗರ ಅಭಿಪ್ರಾಯ ಇಷ್ಟು ಅಂತ ತೋರಿಸ್ಬೇಕು. ನಿಧಾನವಾಗಿ ತುಂಬಿ ಕಳಿಸಿ” ಎಂದಳು. ಮಾತಿಗೆ ಮಾತು ಬಂದು, ಅವಳದು ಹೊರಗುತ್ತಿಗೆಯ ಕೆಲಸ, ಹನ್ನೊಂದು ತಿಂಗಳಿಗೊಮ್ಮೆ ಮುಂದುವರಿಸುತ್ತಾರೋ ಇಲ್ಲವೋ ಎಂದು ಕಾಯಬೇಕು ಎಂದೂ ತಿಳಿಯಿತು.

ಈಗ ನೀವೇ ಹೇಳಿ, ನಾನು ಎಷ್ಟು ಅಂಕ ಹಾಕಬೇಕು? ಕ್ಯಾಟಲಾಗಿಗೆ ಒಂಬತ್ತಕ್ಕೆ ಎರಡು ಹಾಕಬೇಕು. ಅದು ನ್ಯಾಯ. ಆದರೆ ಅಂಕ ಕಡಿಮೆಯಾದರೆ ಯಾರ ತಲೆಗೆ ಬರುತ್ತದೆ? ಮನೆಯಲ್ಲಿ ಸಾರು ಕೆಟ್ಟರೆ ಅಡುಗೆ ಮಾಡಿದವಳಿಗೆ ಮಾತು ಬರುತ್ತದೆಯೇ ಹೊರತು ಹುಳುಕು ಬೇಳೆ ತಂದವರಿಗೆ ಬರುತ್ತದೆಯೇ?

ನನ್ನ ತಂಗಿಯ ಮಗಳು ಗ್ರಂಥಾಲಯ ವಿಜ್ಞಾನ ಓದಿದವಳು. ಅವಳಿಗೆ ಫೋನು ಮಾಡಿ, “ಈ ಇಪ್ಪತ್ತೆರಡು ಪ್ರಶ್ನೆ ಯಾರ ತಲೆಯಲ್ಲಿ ಹುಟ್ಟಿದ್ದು ಕಣೇ?” ಎಂದೆ. “ದೊಡ್ಡಮ್ಮ, ಅದಕ್ಕೆ ಒಂದು ಚರಿತ್ರೆಯೇ ಇದೆ” ಎಂದಳು. ಚರಿತ್ರೆ ಎಂದರೆ ನಾನು ಬಿಡುವವಳೇ? ಅವಳು ಕಳಿಸಿದ್ದನ್ನು ಓದಿದೆ, ತಿಳಿಯದ್ದನ್ನು ಕೇಳಿ ತಿಳಿದುಕೊಂಡೆ. ಅದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಈ ಚರಿತ್ರೆಯ ಮೊದಲ ಮೇಷ್ಟರು ನಮ್ಮವರೇ. 1892ರಲ್ಲಿ ತಮಿಳುನಾಡಿನ ಶೀರ್ಕಾಳಿಯಲ್ಲಿ ಹುಟ್ಟಿದ ಎಸ್. ಆರ್. ರಂಗನಾಥನ್. ಅವರು ಮೂಲತಃ ಗಣಿತದ ಅಧ್ಯಾಪಕರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಬಂದ ಹೊಸದರಲ್ಲಿ ಆ ಕೆಲಸ ಅವರಿಗೆ ಸ್ವಲ್ಪವೂ ಹಿಡಿಸಲಿಲ್ಲ. ಪಾಠ ಮಾಡುವುದಕ್ಕೇ ವಾಪಸು ಹೋಗುತ್ತೇನೆಂದು ಹಟ ಹಿಡಿದರಂತೆ. ಒಮ್ಮೆ ಇಂಗ್ಲೆಂಡಿಗೆ ಹೋಗಿ ಅಲ್ಲಿನ ಗ್ರಂಥಾಲಯಗಳನ್ನು ನೋಡಿ ಬಂದಮೇಲೆ ಅವರ ಮನಸ್ಸು ತಿರುಗಿತು. 1931ರಲ್ಲಿ ಅವರು ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳ ಪುಸ್ತಕ ಬರೆದರು. ಪುಸ್ತಕ ಇರುವುದು ಬೀಗ ಹಾಕಿ ಇಡುವುದಕ್ಕಲ್ಲ, ಪ್ರತಿ ಓದುಗನಿಗೂ ಅವನಿಗೆ ತಕ್ಕ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದನ್ನು ಬಯಸುವ ಓದುಗ ಸಿಗಬೇಕು, ಗ್ರಂಥಾಲಯ ಬೆಳೆಯುತ್ತಲೇ ಇರುವ ಜೀವಿ. ಈ ನಾಲ್ಕರ ನಡುವೆ ಇನ್ನೊಂದು ಇದೆ: ಓದುಗನ ಹೊತ್ತು ಹಾಳು ಮಾಡಬಾರದು. ಮನೆಗೆಲಸ, ಶಾಲೆ, ಬಸ್ಸಿನ ವೇಳೆ ಎಲ್ಲದರ ನಡುವೆ ಒಂದು ದಿನ ಬಿಡಿಸಿಕೊಂಡು ಹೋದ ನನ್ನಂಥವಳಿಗೆ ಈ ಸೂತ್ರದ ಬೆಲೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ರಂಗನಾಥನ್ ಅವರಿಗೂ ಕರ್ನಾಟಕಕ್ಕೂ ನಂಟಿದೆ. ಕೊನೆಯ ಹದಿನೈದು ವರ್ಷ ಅವರು ಬೆಂಗಳೂರಿನಲ್ಲೇ ಇದ್ದರು. 1962ರಲ್ಲಿ ಅಲ್ಲಿ ದಾಖಲೆ ವಿಜ್ಞಾನದ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದರು. 1972ರಲ್ಲಿ ತೀರಿಕೊಂಡದ್ದೂ ಅಲ್ಲೇ. ಜೀವಮಾನದ ಉಳಿತಾಯದ ಒಂದು ಲಕ್ಷ ರೂಪಾಯಿಯನ್ನು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಕೊಟ್ಟು ಗ್ರಂಥಾಲಯ ವಿಜ್ಞಾನದ ಪೀಠ ಮಾಡಿಸಿದರು. ಅದಕ್ಕೆ ತಮ್ಮ ಹೆಸರಿಡದೆ ಹೆಂಡತಿ ಶಾರದಾ ಅವರ ಹೆಸರಿಟ್ಟರು. ಆ ಲಕ್ಷ ರೂಪಾಯಿ ಉಳಿಯಬೇಕಾದರೆ ಆಕೆ ಅಡುಗೆಮನೆಯಲ್ಲಿ ಎಷ್ಟು ಕೈ ಹಿಡಿದಿರಬೇಕು ಎಂದು ನನಗನ್ನಿಸಿತು.

ಸೂತ್ರವೇನೋ ಆಯಿತು. ಅದು ಪಾಲನೆಯಾಗುತ್ತಿದೆಯೇ ಎಂದು ಅಳೆಯುವುದು ಹೇಗೆ? ಇದಕ್ಕೆ ಕೈ ಹಾಕಿದವರು ಇಂಗ್ಲೆಂಡಿನ ಕ್ರ್ಯಾನ್‌ಫೀಲ್ಡ್ ಎಂಬಲ್ಲಿ ವಿಮಾನಶಾಸ್ತ್ರದ ಕಾಲೇಜಿನ ಗ್ರಂಥಪಾಲಕರಾಗಿದ್ದ ಸಿರಿಲ್ ಕ್ಲೆವರ್ಡನ್. ಆಗ ಪುಸ್ತಕ, ಲೇಖನಗಳನ್ನು ಜೋಡಿಸಲು ಬೇರೆ ಬೇರೆ ಪದ್ಧತಿಗಳಿದ್ದವು. ಪ್ರತಿಯೊಬ್ಬರೂ ತಮ್ಮದೇ ಮೇಲು ಎಂದು ವಾದಿಸುತ್ತಿದ್ದರು. ನಮ್ಮ ಮನೆಯ ಉಪ್ಪಿನಕಾಯಿಯೇ ರುಚಿ ಎಂದು ವಾದಿಸುವ ಹಾಗೆ. ಕ್ಲೆವರ್ಡನ್ ವಾದ ಮಾಡಲಿಲ್ಲ, ಪರೀಕ್ಷೆ ಇಟ್ಟರು. 1957ರಿಂದ ಕೆಲವು ವರ್ಷ ನಡೆದ ಮೊದಲ ಪ್ರಯೋಗದಲ್ಲಿ 18,000 ಲೇಖನಗಳನ್ನು ನಾಲ್ಕು ಪದ್ಧತಿಗಳಲ್ಲಿ ಜೋಡಿಸಿ, 1,200 ಪ್ರಶ್ನೆ ಕೇಳಿ, ಯಾವುದು ಎಷ್ಟು ಸಲ ಸರಿಯಾದ ಲೇಖನ ತಂದುಕೊಟ್ಟಿತು ಎಂದು ಲೆಕ್ಕ ಇಟ್ಟರು. ಆ ನಾಲ್ಕರಲ್ಲಿ ಒಂದು, ರಂಗನಾಥನ್ ಅವರ ವಿಚಾರದಿಂದ ಬೆಳೆದ, ವಿಷಯವನ್ನು ಮುಖಮುಖವಾಗಿ ಬಿಡಿಸಿ ಜೋಡಿಸುವ ಪದ್ಧತಿ. ಮೊದಲು ಬಂದ ಪದ್ಧತಿಗೆ ನೂರಕ್ಕೆ 82, ಕೊನೆಗೆ ಬಂದ ನಮ್ಮವರ ಪದ್ಧತಿಗೆ 74. ಬಿಡಿ ಪದಗಳನ್ನೇ ಹಿಡಿದು ಹುಡುಕುವ ಸರಳ ಪದ್ಧತಿ ಮೊದಲು ಬಂದಿತ್ತು. ಪಂಡಿತರಿಗೆ ಇದು ಸಹಿಸಲಿಲ್ಲ. ಚರ್ಚೆ ಜೋರಾಗಿ ನಡೆಯಿತು. ಕ್ಲೆವರ್ಡನ್ ಇನ್ನೊಂದು ಪ್ರಯೋಗ ಮಾಡಿದರು. 1966ರ ಹೊತ್ತಿಗೆ ಅದೂ ಮುಗಿಯಿತು. ಅಲ್ಲೂ ಹೆಚ್ಚು ಕಡಿಮೆ ಅದೇ ಮಾತು ಬಂತು.

ಆ ಪ್ರಯೋಗಗಳಿಂದ ನೆಲೆ ನಿಂತ ಎರಡು ಅಳತೆಗಳನ್ನು ನಿಮಗೆ ಸೀರೆ ಅಂಗಡಿಯ ಲೆಕ್ಕದಲ್ಲಿ ಹೇಳುತ್ತೇನೆ. ಅಂಗಡಿಗೆ ಹೋಗಿ ಸಾಸಿವೆ ಬಣ್ಣದ ಇಳಕಲ್ ಸೀರೆ ತೋರಿಸಿ ಎನ್ನುತ್ತೀರಿ. ಹುಡುಗ ಇಪ್ಪತ್ತು ಸೀರೆ ತಂದು ಹರವುತ್ತಾನೆ. ಅದರಲ್ಲಿ ನೀವು ಕೇಳಿದಂಥವು ಐದು. ಉಳಿದವು ಹಳದಿ, ಕೆಂಪು, ಇಳಕಲ್ಲೇ ಅಲ್ಲದವು. ಹರವಿದ್ದರಲ್ಲಿ ಎಷ್ಟು ಸರಿಯಾದವು? ಇಪ್ಪತ್ತಕ್ಕೆ ಐದು, ಎಂದರೆ ನೂರಕ್ಕೆ 25. ಇದು ನಿಖರತೆಯ ಅಳತೆ. ಇನ್ನು ಅಂಗಡಿಯಲ್ಲಿ ಒಟ್ಟು ಹತ್ತು ಸಾಸಿವೆ ಬಣ್ಣದ ಇಳಕಲ್ ಸೀರೆಗಳಿದ್ದವು ಎನ್ನಿ. ಐದು ಹೊರಗೆ ಬಂದವು, ಐದು ಬೀರುವಿನಲ್ಲೇ ಉಳಿದವು. ಇದ್ದುದರಲ್ಲಿ ಬಂದದ್ದು ಎಷ್ಟು? ನೂರಕ್ಕೆ 50. ಇದು ಎರಡನೆಯ ಅಳತೆ. ಹುಡುಕಿಕೊಡುವ ಯಾವ ಯಂತ್ರವನ್ನಾದರೂ ಈ ಎರಡರಿಂದ ಅಳೆಯಬಹುದು ಎಂದು ಆಮೇಲೆ ಬಂದವರೆಲ್ಲ ಒಪ್ಪಿದರು.

ಒಂದು ಸಂಗತಿ ಗಮನಿಸಿದಿರಾ? ಮೊದಲ ಅಳತೆ ಗಿರಾಕಿಯ ಕಣ್ಣಿಗೆ ಕಾಣುತ್ತದೆ. ಬೇಡದ ಸೀರೆಗಳ ರಾಶಿ ಎದುರಿಗೇ ಬಿದ್ದಿರುತ್ತದೆ. ಎರಡನೆಯದು ಕಾಣುವುದೇ ಇಲ್ಲ. ಬೀರುವಿನಲ್ಲಿ ಉಳಿದ ಐದು ಸೀರೆ ನಿಮಗೆ ಹೇಗೆ ಗೊತ್ತಾಗಬೇಕು? ಅದಕ್ಕೇ ಕ್ಲೆವರ್ಡನ್ ಅಂಥವರು ಬೀರು ಪೂರ್ತಿ ಬಗೆದು, ಒಂದೊಂದನ್ನೂ ಓದಿ, ಇದು ಈ ಪ್ರಶ್ನೆಗೆ ಸಲ್ಲುತ್ತದೆ, ಇದು ಸಲ್ಲುವುದಿಲ್ಲ ಎಂದು ಮೊದಲೇ ಗುರುತು ಹಾಕಿಸಬೇಕಾಯಿತು.

ಕಂಪ್ಯೂಟರ್ ಬಂದಮೇಲೆ ಈ ಪರೀಕ್ಷೆಗಳು ಪ್ರಯೋಗಶಾಲೆಯಿಂದ ಹೊರಗೆ ಬಂದವು. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ 1964ರಲ್ಲಿ ಮೆಡ್ಲಾರ್ಸ್ ಎಂಬ ಕಂಪ್ಯೂಟರ್ ಸೇವೆ ಆರಂಭಿಸಿತ್ತು. ವೈದ್ಯರು ಪ್ರಶ್ನೆ ಕಳಿಸಿದರೆ ಯಂತ್ರ ಹುಡುಕಿ ಲೇಖನಗಳ ಪಟ್ಟಿ ಕೊಡುತ್ತಿತ್ತು. ಅದರ ಗುಣಮಟ್ಟ ಅಳೆಯುವ ಕೆಲಸವನ್ನು ಕ್ಲೆವರ್ಡನ್ ಜೊತೆ ಕೆಲಸ ಮಾಡಿದ್ದ ಲ್ಯಾಂಕಾಸ್ಟರ್ ಎಂಬವರಿಗೆ ವಹಿಸಿದರು. ಸುಮಾರು 300 ಹುಡುಕಾಟಗಳನ್ನು ಪರೀಕ್ಷಿಸಿ 1968ರಲ್ಲಿ ಅವರು ವರದಿ ಕೊಟ್ಟರು. ಬರಬೇಕಾದದ್ದರಲ್ಲಿ ಬಂದದ್ದು ನೂರಕ್ಕೆ ಸುಮಾರು 58. ಬಂದದ್ದರಲ್ಲಿ ಕೆಲಸಕ್ಕೆ ಬಂದದ್ದು ಸುಮಾರು 50. ನನಗೆ ಹೆಚ್ಚು ಹಿಡಿಸಿದ್ದು ಈ ಅಂಕಿಗಳಲ್ಲ. ಅವರು ಅಂಕ ಹಾಕಿ ಕೈತೊಳೆದುಕೊಳ್ಳಲಿಲ್ಲ. ತಪ್ಪಿಹೋದ ಒಂದೊಂದು ಲೇಖನವನ್ನೂ ಹಿಡಿದು, ಇದು ಏಕೆ ತಪ್ಪಿತು, ಸೂಚಿ ಮಾಡಿದವರ ತಪ್ಪೋ, ಹುಡುಕಿದವರ ತಪ್ಪೋ, ಪ್ರಶ್ನೆ ಕೇಳುವಾಗಲೇ ಮಾತು ತಿರುಚಿತೋ ಎಂದು ಬೇರೆ ಬೇರೆ ಮಾಡಿದರು. ಬರೀ ಅಂಕ ಕೊಟ್ಟು ಎಲ್ಲಿ ತಪ್ಪಿದೆ ಎಂದು ತೋರಿಸದಿದ್ದರೆ ಮಗು ಕಲಿಯುವುದಿಲ್ಲ. ಬಿ.ಎಡ್.ನಲ್ಲಿ ನಮಗೆ ಹೇಳಿಕೊಟ್ಟದ್ದೂ ಅದನ್ನೇ.

ಈ ದಾರಿಯಲ್ಲಿ ನನಗೆ ಸಿಕ್ಕ ಒಬ್ಬ ಹೆಂಗಸಿನ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಕರೆನ್ ಸ್ಪಾರ್ಕ್ ಜೋನ್ಸ್. 1935ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವರು. ಕೇಂಬ್ರಿಡ್ಜಿನಲ್ಲಿ ಓದಿದ್ದು ಚರಿತ್ರೆ. ಸ್ವಲ್ಪ ಕಾಲ ಶಾಲೆಯಲ್ಲಿ ಪಾಠ ಮಾಡಿದರು. ಆಮೇಲೆ, ಯಂತ್ರಕ್ಕೆ ಮನುಷ್ಯರ ಭಾಷೆ ತಿಳಿಸುವ ಕೆಲಸ ನಡೆಯುತ್ತಿದ್ದ ಒಂದು ಸಂಸ್ಥೆ ಸೇರಿದರು. ಅದನ್ನು ಕಟ್ಟಿ ನಡೆಸುತ್ತಿದ್ದವರೂ ಒಬ್ಬ ಹೆಂಗಸೇ, ಮಾರ್ಗರೆಟ್ ಮಾಸ್ಟರ್‌ಮನ್. ಚರಿತ್ರೆ ಓದಿ ಶಾಲೆಯಲ್ಲಿ ಪಾಠ ಮಾಡಿದವಳೊಬ್ಬಳು ಕಂಪ್ಯೂಟರಿನ ಹುಡುಕಾಟಕ್ಕೆ ಅಡಿಪಾಯ ಹಾಕಿದಳು ಎಂದು ಓದಿದಾಗ ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

1972ರಲ್ಲಿ ಅವರು ಪ್ರಕಟಿಸಿದ ವಿಚಾರ ಕೇಳಿದರೆ ಇಷ್ಟೇನಾ ಎನ್ನಿಸುತ್ತದೆ. ಹಾಜರಿ ಪುಸ್ತಕದಲ್ಲಿ ಲಕ್ಷ್ಮಿ ಎಂದು ಹುಡುಕಿದರೆ ಆರು ಮಕ್ಕಳು ಸಿಗುತ್ತಾರೆ. ಲಲಿತಾಂಗಿ ಎಂದು ಹುಡುಕಿದರೆ ಒಬ್ಬಳೇ. ಆದ್ದರಿಂದ ಯಾರನ್ನಾದರೂ ಗುರುತಿಸಲು ಅಪರೂಪದ ಹೆಸರಿಗೆ ಹೆಚ್ಚು ತೂಕ, ಎಲ್ಲೆಲ್ಲೂ ಇರುವ ಹೆಸರಿಗೆ ಕಡಿಮೆ ತೂಕ. ಲೇಖನಗಳಲ್ಲಿನ ಪದಗಳಿಗೂ ಹೀಗೆಯೇ ತೂಕ ಕೊಡಬೇಕು ಎಂದರು. ಈ ತೂಕದ ಲೆಕ್ಕ ಮುಂದೆ ಹುಡುಕುವ ಯಂತ್ರಗಳಲ್ಲೆಲ್ಲ ಹಾಸುಹೊಕ್ಕಾಯಿತು. ಪರೀಕ್ಷೆಯ ವಿಷಯದಲ್ಲೂ ಅವರು ಬಹಳ ಕಟ್ಟುನಿಟ್ಟು. ಎಲ್ಲರೂ ಒಂದೇ ಪ್ರಶ್ನೆಪತ್ರಿಕೆಗೆ ಉತ್ತರ ಬರೆದರಲ್ಲವೇ ಹೋಲಿಕೆ ಸಾಧ್ಯ ಎಂದು, ಎಲ್ಲರಿಗೂ ಸಮಾನವಾದ ಪರೀಕ್ಷಾ ಸಂಗ್ರಹ ಬೇಕೆಂದು 1975ರ ಹೊತ್ತಿನಲ್ಲೇ ಸಹೋದ್ಯೋಗಿಯ ಜೊತೆ ಸೇರಿ ಬರೆದರು. 1992ರಲ್ಲಿ ಅಮೆರಿಕದಲ್ಲಿ ಅಂಥ ದೊಡ್ಡ ಪರೀಕ್ಷೆಗಳು ಆರಂಭವಾದವು.

ಇಷ್ಟೆಲ್ಲ ಮಾಡಿದವರು ಬಹುಕಾಲ ಇದ್ದದ್ದು ತಾತ್ಕಾಲಿಕ ನೌಕರಿಯಲ್ಲಿ. ಒಂದು ಅನುದಾನ ಮುಗಿದರೆ ಇನ್ನೊಂದು ಅನುದಾನಕ್ಕೆ ಕಾಯಬೇಕು. ಪ್ರಾಧ್ಯಾಪಕಿ ಎಂಬ ಹುದ್ದೆ ಸಿಕ್ಕಿದ್ದು 1999ರಲ್ಲಿ, ಅರವತ್ತು ದಾಟಿದಮೇಲೆ. 2007ರಲ್ಲಿ ತೀರಿಕೊಂಡರು. ಇದನ್ನು ಓದುವಾಗ ಹನ್ನೊಂದು ತಿಂಗಳ ಆ ಹುಡುಗಿ ನನ್ನ ಕಣ್ಣ ಮುಂದೆ ಬಂದಳು.

ಇನ್ನು ಆ 22 ಪ್ರಶ್ನೆಗಳು. ಅವುಗಳ ಮೂಲ ಗ್ರಂಥಾಲಯವಲ್ಲ, ವ್ಯಾಪಾರ. ಬ್ಯಾಂಕು, ರಿಪೇರಿ ಅಂಗಡಿ, ದೂರವಾಣಿಯಂಥ ಸೇವೆಗಳ ಗಿರಾಕಿಗಳು ಯಾವುದನ್ನು ಒಳ್ಳೆಯ ಸೇವೆ ಎನ್ನುತ್ತಾರೆ ಎಂದು ಮೂವರು ಸಂಶೋಧಕರು ಹುಡುಕಿದರು. ಮದ್ರಾಸಿನ ಐಐಟಿಯಲ್ಲಿ ಓದಿದ್ದ ಎ. ಪರಶುರಾಮನ್, ವ್ಯಾಲರಿ ಜೈತಮಲ್ ಎಂಬ ಮಹಿಳೆ, ಮತ್ತು ಲಿಯೊನಾರ್ಡ್ ಬೆರಿ. ಗಿರಾಕಿ ನಿರೀಕ್ಷಿಸಿದ್ದಕ್ಕೂ ಅವನಿಗೆ ಸಿಕ್ಕಿದ್ದಕ್ಕೂ ನಡುವಿನ ಅಂತರವೇ ಗುಣಮಟ್ಟ ಎಂದು ಅವರ ವಿಚಾರ. 1988ರಲ್ಲಿ ಅವರು 22 ಪ್ರಶ್ನೆಗಳ ಅಳತೆಗೋಲನ್ನು ಪ್ರಕಟಿಸಿದರು. ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಗ್ರಂಥಾಲಯದವರು ಅದನ್ನು ತಮಗೆ ಹೊಂದಿಸಿಕೊಂಡರು. 2000ದಲ್ಲಿ ಅಮೆರಿಕದ ಸಂಶೋಧನಾ ಗ್ರಂಥಾಲಯಗಳ ಸಂಘದ ಜೊತೆ ಸೇರಿ ‘ಲಿಬ್‌ಕ್ವಾಲ್’ ಎಂಬ ಹೆಸರಿನಲ್ಲಿ ಪ್ರಯೋಗ ಆರಂಭಿಸಿದರು. ಕೆಲವು ವರ್ಷ ತಿದ್ದಿ ತೀಡಿದಮೇಲೆ ಅಲ್ಲೂ 22 ಪ್ರಶ್ನೆಗಳೇ ಉಳಿದವು. ಸಿಬ್ಬಂದಿ ಹೇಗೆ ನಡೆಸಿಕೊಳ್ಳುತ್ತಾರೆ, ಬೇಕಾದ ಮಾಹಿತಿ ತಾನೇ ಪಡೆಯಲು ಓದುಗನಿಗೆ ಸಾಧ್ಯವೇ, ಕೂತು ಓದುವ ಜಾಗ ಹೇಗಿದೆ ಎಂದು ಮೂರು ಭಾಗ. ಮೂರು ಕಾಲಂ, ಒಂಬತ್ತು ಅಂಕ. ನನ್ನ ಕೈಯಲ್ಲಿದ್ದ ಹಾಳೆ ಆ ಕುಟುಂಬದ್ದೇ ಮರಿಮಗಳು.

ನಮ್ಮ ದೇಶದಲ್ಲೂ ಈ ಅವಧಿಯಲ್ಲಿ ದೊಡ್ಡ ಕೆಲಸಗಳಾಗಿವೆ. ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಒಂದಕ್ಕೊಂದು ಜೋಡಿಸಲು ಯುಜಿಸಿ 1991ರಲ್ಲಿ ಇನ್‌ಫ್ಲಿಬ್‌ನೆಟ್ ಯೋಜನೆ ತಂದಿತು. 2004ರಿಂದ ವಿಶ್ವವಿದ್ಯಾಲಯಗಳಿಗೆ ವಿದೇಶಿ ಸಂಶೋಧನಾ ಪತ್ರಿಕೆಗಳು ಕಂಪ್ಯೂಟರಿನಲ್ಲೇ ಸಿಗತೊಡಗಿದವು. ಪಿಎಚ್.ಡಿ. ಪ್ರಬಂಧಗಳ ಡಿಜಿಟಲ್ ಪ್ರತಿ ಕೊಡಬೇಕೆಂದು 2009ರಲ್ಲಿ ನಿಯಮವಾಯಿತು. ಅವುಗಳ ಭಂಡಾರವಾದ ‘ಶೋಧಗಂಗಾ’ದಲ್ಲಿ ಈಗ ಲಕ್ಷಗಟ್ಟಲೆ ಪ್ರಬಂಧಗಳಿವೆ. ಮನೆಯಲ್ಲೇ ಕೂತು, ದುಡ್ಡಿಲ್ಲದೆ, ಯಾರು ಬೇಕಾದರೂ ಓದಬಹುದು. 2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ‘ಒಂದು ದೇಶ ಒಂದು ಚಂದಾ’ ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಒಪ್ಪಿತು. ಸುಮಾರು 13,000 ಪತ್ರಿಕೆಗಳು, 6,300 ಸಂಸ್ಥೆಗಳು. ಇದೆಲ್ಲ ಸಂತೋಷವೇ. ಆದರೆ ಕೋಟಿ ಸುರಿದು ಬೀರು ತುಂಬಿಸುವುದು ಒಂದು ಕೆಲಸ. ಅದರೊಳಗಿನದು ಕೇಳಿದವರ ಕೈಗೆ ಬರುವ ಹಾಗೆ ಮಾಡುವುದು ಇನ್ನೊಂದು ಕೆಲಸ. ಅದಕ್ಕೆ ಕೋಟಿ ಬೇಡ. ‘ಎಂ’ ಮತ್ತು ‘ಎನ್’ ನಡುವಿನ ವ್ಯತ್ಯಾಸ ನೋಡುವ, ತಿರುಮಲಾಂಬಾ ಯಾರೆಂದು ಬಲ್ಲ ಒಬ್ಬರು ಬೇಕು.

ಇಷ್ಟೆಲ್ಲ ತಿಳಿದುಕೊಂಡು ಮೂರನೆಯ ದಿನ ಹಾಳೆಯ ಮುಂದೆ ಕೂತೆ. ಆಗ ಒಂದು ವಿಷಯ ಹೊಳೆಯಿತು. ಈ 22 ಪ್ರಶ್ನೆಗಳಲ್ಲಿ ಯಾವುದೂ ಬೀರುವಿನಲ್ಲಿ ಉಳಿದ ಸೀರೆಯ ಬಗ್ಗೆ ಕೇಳುವುದಿಲ್ಲ. ಕೇಳಲು ಸಾಧ್ಯವೂ ಇಲ್ಲ. ಆ ದಿನ ಹುಡುಗಿ ಎದ್ದು ಬರದಿದ್ದರೆ, ಇಲ್ಲಿ ತಿರುಮಲಾಂಬಾ ಬಗ್ಗೆ ಏನೂ ಇಲ್ಲವೆಂದು ನಂಬಿಕೊಂಡು ಮನೆಗೆ ಬಂದಿರುತ್ತಿದ್ದೆ. ಕಂಪ್ಯೂಟರ್ ಚೆನ್ನಾಗಿತ್ತು, ಫ್ಯಾನ್ ತಿರುಗುತ್ತಿತ್ತು, ಜಾಗ ಶುಚಿಯಾಗಿತ್ತು ಎಂದು ಏಳೋ ಎಂಟೋ ಹಾಕಿ ಕಳಿಸಿರುತ್ತಿದ್ದೆ! ಸಿಗದವರಿಗೆ ತಮಗೆ ಸಿಗಲಿಲ್ಲ ಎಂಬುದೇ ತಿಳಿಯುವುದಿಲ್ಲ. ಹಾಗೆ ತಿಳಿಯದೆ ಸಂತೋಷವಾಗಿ ಅಂಕ ಹಾಕಿ ಹೋದವರು ಎಷ್ಟು ಮಂದಿಯೋ.

ಸಿಬ್ಬಂದಿಯ ನೆರವು ಎಂಬ ಪ್ರಶ್ನೆಗಳಿಗೆಲ್ಲ ಒಂಬತ್ತು ಹಾಕಿದೆ. ನನಗೆ ಬೇಕಾದ್ದನ್ನು ನಾನೇ ಹುಡುಕಿಕೊಳ್ಳಲು ಸಾಧ್ಯವಾಯಿತೇ ಎಂಬುದಕ್ಕೆ ಎರಡು ಹಾಕಿದೆ. ಕೊನೆಯಲ್ಲಿ ‘ಸಲಹೆ’ ಎಂದು ಎರಡು ಗೆರೆ ಜಾಗ ಬಿಟ್ಟಿದ್ದರು. ಅದು ಸಾಲದೆ ಒಂದು ಬಿಳಿ ಹಾಳೆ ಲಗತ್ತಿಸಿ, ಕನ್ನಡದ ಹೆಸರನ್ನು ಕನ್ನಡ ಅಕ್ಷರದಲ್ಲೂ ದಾಖಲಿಸಿ, ಒಂದೇ ಹೆಸರಿನ ಕಾಗುಣಿತಗಳನ್ನೆಲ್ಲ ಒಂದೇ ಕಡೆ ಜೋಡಿಸಿ ಎಂದು ಬರೆದು, ಅವಳು ಹುಡುಕಿಕೊಟ್ಟ ಐದು ದಾರಿಗಳನ್ನೂ ಬಿಡಿಸಿ ಬರೆದೆ. ಕೆಂಪು ಪೆನ್ನಿನಲ್ಲಿ ಅಲ್ಲ, ನೀಲಿಯಲ್ಲೇ. ಅಂಚೆಗೆ ಹಾಕಿದಮೇಲೆ ನಿದ್ದೆ ಬಂತು.

ಬೇಸಿಗೆ ರಜೆಯಲ್ಲಿ ಮತ್ತೆ ಹೋದೆ. ಬಾಗಿಲ ಪಕ್ಕ ಬಣ್ಣಬಣ್ಣದ ಹೊಸ ಫಲಕ. ಓದುಗರ ಸಮೀಕ್ಷೆಯಲ್ಲಿ ಗ್ರಂಥಾಲಯಕ್ಕೆ ಬಂದ ಸರಾಸರಿ ಅಂಕ ಅದರ ಮೇಲಿತ್ತು. ಒಳ್ಳೆಯ ಅಂಕವೇ. ನನ್ನ ಒಂಬತ್ತುಗಳೂ ಅದರಲ್ಲಿ ಸೇರಿದ್ದವು, ನನ್ನ ಎರಡೂ ಸೇರಿತ್ತು. ಕೂಡಿಸಿ ಭಾಗಿಸಿದಮೇಲೆ ಎರಡು ಎಲ್ಲಿ ಹೋಯಿತೋ ಕಾಣಲಿಲ್ಲ. ಆ ಹುಡುಗಿ ಇರಲಿಲ್ಲ. ಅವಳ ಕುರ್ಚಿಯಲ್ಲಿ ಒಬ್ಬ ಹುಡುಗ ಇದ್ದ. “ಅವರ ಟರ್ಮ್ ಮುಗೀತು ಮೇಡಂ, ಈಗ ಎಲ್ಲಿದ್ದಾರೋ ಗೊತ್ತಿಲ್ಲ” ಎಂದ. ವಿನಯವಂತ ಹುಡುಗ. ತಿರುಮಲಾಂಬಾ ಎಂದೆ. ಒಂದು ಸಲ ಟೈಪು ಮಾಡಿ, “ಇಲ್ಲ ಮೇಡಂ, ನಮ್ಮಲ್ಲಿ ಏನೂ ಇಲ್ಲ” ಎಂದ.

ನಾನು ಹಾಕಿದ ಒಂಬತ್ತು ಯಾರಿಗೆ ಸೇರಬೇಕಿತ್ತೋ ಅವರಿಗೆ ಸೇರಲಿಲ್ಲ ಎಂದು ಆಗ ಗೊತ್ತಾಯಿತು. ಕ್ಯಾಟಲಾಗಿನಲ್ಲಿ ಇರಬೇಕಾದದ್ದು ಅವಳ ತಲೆಯಲ್ಲಿತ್ತು. ಅವಳ ಜೊತೆ ಅದೂ ಗೇಟು ದಾಟಿ ಹೋಗಿತ್ತು. ಅವಳಿಗೆ ಬಂದ ಅಂಕ ಮಾತ್ರ ಗೋಡೆಯ ಮೇಲೆ ಉಳಿದಿತ್ತು.

ಡೈರಿ ತೆಗೆದು ಹಿಂದಿನ ಪುಟ ಬಿಚ್ಚಿದೆ. “ಇಲ್ಲಿ ಬಾಪ್ಪ, ‘ಎಂ’ ಬದಲು ‘ಎನ್’ ಹಾಕು” ಎಂದೆ. ಹಾಕಿದ. ಪ್ರಬಂಧ ಬಂತು. ಅವನು ನನ್ನ ಮುಖವನ್ನೂ ಕಂಪ್ಯೂಟರನ್ನೂ ನೋಡಿದ. ಆ ಪುಟ ಹರಿದು, ಐದೂ ಕಾಗುಣಿತಗಳ ಪಕ್ಕ ತಿರುಮಲಾಂಬಾ ಯಾರೆಂದು ಎರಡು ಸಾಲು ಬರೆದು ಅವನ ಕೈಗೆ ಕೊಟ್ಟೆ. “ಇನ್ನೊಬ್ಬರು ಬಂದು ಕೇಳಿದರೆ ಇಲ್ಲ ಅನ್ನಬೇಡ” ಎಂದೆ. ಅವನು ಅದನ್ನು ಮೇಜಿನ ಗಾಜಿನ ಕೆಳಗೆ ಸೇರಿಸಿಟ್ಟ.